ಊರಿಗೆ ಹೋದಳು ಅಂತ ಬರೆದರು

ಹೋದ ತಿಂಗಳು ಒಂದು ಭಾನುವಾರ ಸಂಜೆ ಬಳ್ಳಾರಿಯಲ್ಲಿ ಮಾತಾಡಲು ಕರೆದಿದ್ದರು. ಕಿರುತೆರೆಯಿಂದ ಬರವಣಿಗೆಗೆ ಹೇಗೆ ಬಂದಿರಿ, ಅದನ್ನು ಹೇಳಿ ಅಂದಿದ್ದರು. ಕೂತವರಲ್ಲಿ ಅರ್ಧ ಜನ ಕಾಲೇಜು ಹುಡುಗಿಯರು, ಉಳಿದವರು ನನ್ನ ವಯಸ್ಸಿನವರು. ಆಮೇಲೆ ಅದನ್ನೇ ಬರೆದುಕೊಡಿ ಅಂತ ಕೇಳಿದರು. ಮಾತಾಡಿದ ಹಾಗೇ ಬರೆದಿದ್ದೇನೆ. ಆವತ್ತು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಶೂಟಿಂಗಿನಲ್ಲಿ ಸಜೆಷನ್ ಅಂತ ಒಂದು ಮಾತಿದೆ. ಇಬ್ಬರು ಎದುರುಬದುರು ನಿಂತು ಮಾತಾಡುವಾಗ ಕ್ಯಾಮೆರಾ ಒಬ್ಬರ ಮುಖ ಹಿಡಿಯುತ್ತದೆ. ಇನ್ನೊಬ್ಬರ ಭುಜ, ಅರ್ಧ ಕಿವಿ, ಒಂದಿಷ್ಟು ತುರುಬು ಫ್ರೇಮಿನ ಅಂಚಿಗೆ ಬರುತ್ತದೆ. ಅಲ್ಲಿ ಯಾರೋ ಇದ್ದಾರೆ ಅಂತ ನೋಡುವವರಿಗೆ ಗೊತ್ತಾದರೆ ಸಾಕು. "ಅಕ್ಕಾ, ಸ್ವಲ್ಪ ಸಜೆಷನ್ ಕೊಡಿ" ಅಂತ ಕ್ಯಾಮೆರಾದವರು ಕರೆಯುತ್ತಾರೆ, ನಾವು ಹೋಗಿ ನಿಲ್ಲುತ್ತೇವೆ. ನಾನು 20 ವರ್ಷ ಸೀರಿಯಲ್ಲುಗಳಲ್ಲಿ ಕೆಲಸ ಮಾಡಿದೆ. ಅದರಲ್ಲಿ ಜಾಸ್ತಿ ಮಾಡಿದ್ದು ಇದನ್ನೇ.

ಮುಖ ಕಾಣಲ್ಲವಲ್ಲ ಅಂತ ಸುಮ್ನೆ ನಿಂತರೆ ಆಗಲ್ಲ. ಎದುರಿಗಿರುವ ಹುಡುಗಿ ಅಳಬೇಕು, ಅವಳಿಗೆ ಇನ್ನೂ 22 ವಯಸ್ಸು, ಬೆಳಗ್ಗೆಯಿಂದ ಅದು ಆರನೇ ಅಳುವ ಸೀನು, ಕಣ್ಣಲ್ಲಿ ಗ್ಲಿಸರಿನ್ ಉರಿಯುತ್ತಿದೆ. ನೀವು ನಿಜವಾಗಿ ಕೇಳಿಸಿಕೊಳ್ಳುತ್ತಿದ್ದರೆ ಅವಳಿಗೆ ಅಳು ಬರುತ್ತದೆ. ನೀವು ಊಟಕ್ಕೆ ಏನು ಬಂದಿದೆಯೋ ಅಂತ ಯೋಚಿಸುತ್ತಿದ್ದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಕೇಳಬೇಕು. ಒಂದೇ ಮಾತನ್ನು ಐದು ಟೇಕ್, ಎಂಟು ಟೇಕ್, ಪ್ರತಿ ಸಲ ಮೊದಲ ಸಲ ಕೇಳಿದ ಹಾಗೆ ಕೇಳಬೇಕು. ಯಾವ ಮಾತು ಬಾಯಿಗೆ ಸಲೀಸಾಗಿ ಬರುತ್ತದೆ, ಯಾವುದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ನನಗೆ ಕಲಿಸಿದ್ದು ಇದು. ಬರವಣಿಗೆ ಎಲ್ಲಿ ಕಲಿತಿರಿ ಅಂತ ಯಾರಾದರೂ ಕೇಳಿದರೆ ನಾನು ಅಲ್ಲೇ ಅನ್ನುತ್ತೇನೆ, ಇನ್ನೊಬ್ಬರ ಕ್ಲೋಸಪ್ಪಿನ ಅಂಚಿನಲ್ಲಿ ನಿಂತು.

ಆದರೆ ಕೇಳುವ ಅಭ್ಯಾಸ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಇಲ್ಲೇ, ಕೌಲ್ ಬಜಾರಿನ ಒಂದು ಓಣಿಯಲ್ಲಿ.

ನಮ್ಮ ಅವ್ವ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಕೆಲಸ ಮಾಡುತ್ತಿದ್ದಳು. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಪ್ಯಾಂಟು ಹೊಲಿದ ಮೇಲೆ ಹೊಲಿಗೆ ಮುಗಿದ ಕಡೆಯಲ್ಲೆಲ್ಲ ದಾರದ ತುದಿ ನೇತಾಡುತ್ತಿರುತ್ತದೆ. ಜೇಬಿನ ಹತ್ತಿರ, ಲೂಪಿನ ಹತ್ತಿರ, ಕಾಲಿನ ಅಂಚಿನಲ್ಲಿ. ಅದನ್ನೆಲ್ಲ ಸಣ್ಣ ಕಟ್ಟರಿನಿಂದ ಬುಡಕ್ಕೆ ಸರಿಯಾಗಿ ತೆಗೆಯಬೇಕು. ಬುಡ ಬಿಟ್ಟು ತೆಗೆದರೆ ಕಾಣುತ್ತದೆ, ಬುಡ ಮೀರಿ ತೆಗೆದರೆ ಹೊಲಿಗೆ ಬಿಚ್ಚುತ್ತದೆ. ಬಂಡಲ್ ಕಟ್ಟಿ ಮನೆಗೆ ತಂದು ಹಾಕುತ್ತಿದ್ದರು, ಪ್ಯಾಂಟಿಗೆ ಇಷ್ಟು ಪೈಸೆ ಅಂತ ಲೆಕ್ಕ. ನಮ್ಮ ಮನೆ ಬಾಗಿಲಲ್ಲಿ ಓಣಿಯ ನಾಲ್ಕೈದು ಹೆಂಗಸರು ಒತ್ತಿ ಕೂತು ಕತ್ತರಿಸುತ್ತಿದ್ದರು. ಶಾಲೆಯಿಂದ ಬಂದು ನಾನೂ ಕೂರುತ್ತಿದ್ದೆ. ಸಂಜೆಗೆ ಬೆರಳ ತುದಿ ಎಲ್ಲರಿಗೂ ನೀಲಿ. ರೊಟ್ಟಿ ತಟ್ಟುವ ಮುಂಚೆ ಕೈ ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ನೀಲಿ ಉಳಿದಿರುತ್ತಿತ್ತು.

ಕೈ ಕೆಲಸ ಮಾಡುವಾಗ ಬಾಯಿ ಸುಮ್ಮನಿರುತ್ತದಾ? ಅಲ್ಲಿ ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಏರಿ ಉರ್ದುವಿನಲ್ಲಿ ಮುಗಿಯುತ್ತಿತ್ತು. ಗಂಡನ ಕುಡಿತ, ಚೀಟಿ ದುಡ್ಡು, ಮಗಳ ಬಾಣಂತನ, ಕನಕದುರ್ಗಮ್ಮನಿಗೆ ಹೊತ್ತ ಹರಕೆ, ಎಲ್ಲ ಅಲ್ಲೇ. ಒಬ್ಬ ಅತ್ತೆಮ್ಮ ಇದ್ದರು, ಯಾವತ್ತೂ ತನ್ನ ಕಷ್ಟವನ್ನು ನೇರವಾಗಿ ಹೇಳುತ್ತಿರಲಿಲ್ಲ. "ಒಬ್ಬಾಕೆ ಇದ್ಲಂತೆ" ಅಂತ ಶುರು ಮಾಡಿ ತನ್ನದೇ ಕಥೆ ಹೇಳುತ್ತಿದ್ದರು. ಎಲ್ಲರಿಗೂ ಗೊತ್ತು ಅದು ಅವರದೇ ಅಂತ. ಆದರೂ ಎಲ್ಲರೂ "ಆಮೇಲೆ ಆಕೆ ಏನ್ ಮಾಡಿದ್ಲು?" ಅಂತಲೇ ಕೇಳುತ್ತಿದ್ದರು. ಆ ಮರ್ಯಾದೆ ನೋಡಿ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ನಟನೆಗೆ ಬಂದಿದ್ದು ಹಳ್ಳಿ ನಾಟಕದಿಂದ. ಬಳ್ಳಾರಿಯವಳು ನಾಟಕಕ್ಕೆ ಬಂದಳು ಅಂದರೆ ಅದರಲ್ಲಿ ಆಶ್ಚರ್ಯ ಇಲ್ಲ. ಬಳ್ಳಾರಿ ರಾಘವರ ಊರು ಇದು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡವರು, ವೃತ್ತಿಯಿಂದ ವಕೀಲರು, ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ವೇದಿಕೆ ಹತ್ತಿದವರು. ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದ ಕಾಲದಲ್ಲಿ, ಹೆಣ್ಣಿನ ಪಾತ್ರ ಹೆಣ್ಣೇ ಮಾಡಲಿ ಅಂದವರು. ಅವರ ಹೆಸರಿನ ಕಲಾಮಂದಿರದ ಮುಂದೆ ದಿನಾ ಆಟೋಗಳು ನಿಲ್ಲುತ್ತವೆ. ಒಳಗೆ ಒಂದು ಸಲ ಹೋಗಿ ಬನ್ನಿ ಅಂತ ಇಲ್ಲಿರುವ ಹುಡುಗಿಯರಿಗೆ ಹೇಳುತ್ತೇನೆ. ಆಮೇಲೆ ನಮ್ಮ ಸುಭದ್ರಮ್ಮ ಮನ್ಸೂರ್. ಪೌರಾಣಿಕ ನಾಟಕದಲ್ಲಿ ಅವರು ಹಾಡಿಗೆ ನಿಂತರೆ ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಮಲಗಿದ್ದವರೂ ಎದ್ದು ಕೂರುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅವ್ವನ ಮಡಿಲಲ್ಲಿ ಕೂತು ನೋಡಿದ್ದೇನೆ. 2020ರಲ್ಲಿ ಅವರು ಹೋದರು. ಕೊರೊನಾ ಕಾಲ, ನಾನು ಬಳ್ಳಾರಿಯಲ್ಲೇ ಇದ್ದೆ. ಅಂಥವರನ್ನು ಕಳಿಸಿಕೊಡಲು ಎಷ್ಟು ಜನ ಸೇರಬೇಕಿತ್ತು ಅಂತ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1993ರಲ್ಲಿ ನನಗೆ 18. ಸಿರುಗುಪ್ಪದ ಕಡೆ ಒಂದು ಹಳ್ಳಿ, ಭತ್ತ ಮನೆಗೆ ಬಂದ ಮೇಲೆ ಜಾತ್ರೆ, ಜಾತ್ರೆಗೆ ನಾಟಕ. ಹಳ್ಳಿ ನಾಟಕದ ಪದ್ಧತಿ ನಿಮಗೆ ಗೊತ್ತಲ್ವಾ. ಗಂಡು ಪಾತ್ರಗಳೆಲ್ಲ ಊರ ಹುಡುಗರದು, ಅವರೇ ತಲಾ ಇಷ್ಟು ಅಂತ ದುಡ್ಡು ಹಾಕುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕರೆಸುತ್ತಾರೆ. ಮರಿಯಮ್ಮನಹಳ್ಳಿಯಂಥ ಊರುಗಳಿಂದ ಕಲಾವಿದೆಯರು ಬರುತ್ತಿದ್ದರು. ಮರಿಯಮ್ಮನಹಳ್ಳಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ, ಆಗ ನಮ್ಮದೇ ಜಿಲ್ಲೆ. ಆ ವರ್ಷ ಎರಡನೇ ಹೆಣ್ಣು ಪಾತ್ರ ಮಾಡಬೇಕಿದ್ದವರಿಗೆ ಜ್ವರ. ನಾಟಕಕ್ಕೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ನಮ್ಮ ಓಣಿಯವರು. "ಹುಡುಗಿ ಹಾಡ್ತಾಳೆ, ಒಂದು ರಾತ್ರಿ ಕಳಿಸಮ್ಮ" ಅಂತ ಅವ್ವನನ್ನು ಕೇಳಿದರು. ಅವ್ವ ತಾನೂ ಜೊತೆಗೆ ಬರುತ್ತೇನೆ ಅಂದಳು, ಬಂದಳು, ವೇದಿಕೆಯ ಪಕ್ಕದಲ್ಲಿ ರಾತ್ರಿಯೆಲ್ಲ ಕೂತಳು.

ಒಂದೇ ಟ್ರಯಲ್. ರಾತ್ರಿ ಹತ್ತಕ್ಕೆ ಶುರುವಾದ ನಾಟಕ ಬೆಳಗಿನ ಐದಕ್ಕೆ ಮುಗಿಯಿತು. ನಡುವೆ ನಾಟಕ ನಿಲ್ಲಿಸಿ, ವೇದಿಕೆ ಹತ್ತಿ, ನೋಟು ಪಿನ್ ಮಾಡಿ, ಮೈಕಿನಲ್ಲಿ ತಮ್ಮ ಹೆಸರು ಕೂಗಿಸುವವರು. ನನ್ನದು ತಂಗಿಯ ಪಾತ್ರ. ನನಗೆ ಕೊಟ್ಟಿದ್ದು 150 ರೂಪಾಯಿ. ಬೆಳಗ್ಗೆ ಮೊದಲ ಬಸ್ಸಿಗೆ ಬಂದೆವು, ಮುಖದ ಬಣ್ಣ ಪೂರ್ತಿ ಹೋಗಿರಲಿಲ್ಲ. ಬಸ್ಸಿನಲ್ಲಿ ಒಬ್ಬರು ನೋಡಿ ನಕ್ಕು ಏನೋ ಅಂದರು. ಅವ್ವ ನೀಲಿ ಬೆರಳಿನಿಂದ ನನ್ನ ಕೆನ್ನೆಯ ಬಣ್ಣ ಒರೆಸಿ, ಅವರಿಗೆ ಕೇಳುವ ಹಾಗೆ, "ದುಡ್ಕಂಡು ಬರಾಕತ್ತೀವಿ" ಅಂದಳು. ಅಷ್ಟೇ. ಆಮೇಲೆ ಆರು ವರ್ಷ ನಾಟಕ ಮಾಡಿದೆ. ಸುಗ್ಗಿ ಕಾಲದಲ್ಲಿ ನಾಟಕ, ಉಳಿದ ದಿನ ದಾರ.

1999ರ ಕೊನೆಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಆ ಕಾಲದ್ದು ಸ್ವಲ್ಪ ಹೇಳಬೇಕು. ಅಲ್ಲಿಯವರೆಗೆ ಕನ್ನಡ ಸೀರಿಯಲ್ ಅಂದರೆ ದೂರದರ್ಶನ, ಆಮೇಲೆ 1994ರಲ್ಲಿ ಬಂದ ಉದಯ. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಶುರುವಾಯಿತು. 2006ರಲ್ಲಿ ಜೀ ಕನ್ನಡ, ಮರುವರ್ಷ ಸುವರ್ಣ. ವಾರಕ್ಕೊಂದು ಕಂತು ಇದ್ದದ್ದು ದಿನಕ್ಕೊಂದು ಕಂತಾಯಿತು. ದಿನಾ ಕಂತು ಅಂದರೆ ಮನೆ ತುಂಬ ಜನ ಬೇಕು. ಅತ್ತೆ, ಅತ್ತಿಗೆ, ಪಕ್ಕದ ಮನೆಯವಳು, ಕೆಲಸದವಳು, ನರ್ಸು, ಹಾಸ್ಟೆಲ್ ವಾರ್ಡನ್. ನಾಯಕಿ ಒಬ್ಬಳೇ, ಅವಳ ಸುತ್ತ ಹದಿನೈದು ಜನ. ಆ ಹದಿನೈದರಲ್ಲಿ ನಾನು ಬದುಕು ಕಂಡುಕೊಂಡೆ. ನನ್ನ ಹಾಗೆ ಊರೂರಿನ ನಾಟಕದವರು ಎಷ್ಟೋ ಜನ.

ಪೋಷಕ ನಟಿಯ ದಿನ ಹೇಗಿರುತ್ತದೆ ಅಂತ ಕೇಳುತ್ತೀರಿ. ಬೆಳಗ್ಗೆ ಏಳಕ್ಕೆ ಶೂಟಿಂಗ್ ಮನೆ. ಸೀರೆ ನಮ್ಮದೇ, ಬಳೆ ನಮ್ಮದೇ. ಬ್ಯಾಗಿನಲ್ಲಿ ಎಂಟು ಸೀರೆ ಹೊತ್ತುಕೊಂಡು ಎರಡು ಬಸ್ಸು ಬದಲಿಸಬೇಕು. ಹಿಂದಿನ ವಾರ ಅರ್ಧಕ್ಕೆ ನಿಂತ ಸೀನಿಗೆ ಅದೇ ಸೀರೆ, ಅದೇ ಬಳೆ, ಹಣೆಯಲ್ಲಿ ಅದೇ ಅಳತೆಯ ಬೊಟ್ಟು ಇರಬೇಕು, ಇಲ್ಲದಿದ್ದರೆ ಕಂಟಿನ್ಯೂಟಿ ಹೋಯಿತು ಅಂತ ಕೂಗಾಟ. ಸೀನ್ ಪೇಪರ್ ಆಗಷ್ಟೇ ಬಂದಿರುತ್ತದೆ. ಓದಿಕೊಳ್ಳಲು ಹೊತ್ತಿರಲ್ಲ, ಹಾಗಾಗಿ ಅಸಿಸ್ಟೆಂಟ್ ಡೈರೆಕ್ಟರ್ ಕ್ಯಾಮೆರಾ ಪಕ್ಕ ನಿಂತು ಪ್ರಾಂಪ್ಟ್ ಮಾಡುತ್ತಾರೆ. ಅವರು ಅಂದದ್ದನ್ನು ನಾವು ಭಾವ ಸೇರಿಸಿ ಅನ್ನಬೇಕು. ಇದರಲ್ಲಿ ಒಂದು ಗುಟ್ಟಿದೆ. ಆರೇಳು ಪದಕ್ಕಿಂತ ಉದ್ದದ ಮಾತನ್ನು ಕಿವಿ ಹಿಡಿದುಕೊಳ್ಳಲ್ಲ. ಉದ್ದ ಬರೆದರೆ ನಟಿ ನಡುವೆ ತಡವರಿಸುತ್ತಾಳೆ, ಬೈಸಿಕೊಳ್ಳುವುದು ಅವಳೇ. ತಪ್ಪು ಬರೆದವರದು ಇರಬಹುದು ಅಂತ ನನಗೆ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು.

ದುಡ್ಡಿನ ಮಾತು ಬೇಡ ಅಂದುಕೊಂಡಿದ್ದೆ, ಆದರೆ ಹುಡುಗಿಯರು ಇದ್ದೀರಿ, ಹೇಳುತ್ತೇನೆ. ಕೆಲಸ ಮಾಡಿದ ದಿನಕ್ಕೆ ಮಾತ್ರ ದುಡ್ಡು. ಅದೂ ಎರಡು ಮೂರು ತಿಂಗಳಾದ ಮೇಲೆ. ಒಂದು ಸಂಸ್ಥೆ ನನಗೆ 41 ದಿನದ ದುಡ್ಡು ಕೊಡಲೇ ಇಲ್ಲ. ಫೋನ್ ಮಾಡಿದರೆ ಮುಂದಿನ ವಾರ, ಆಫೀಸಿಗೆ ಹೋದರೆ ಮ್ಯಾನೇಜರ್ ಇಲ್ಲ. ಆ ವರ್ಷ ಅವ್ವನ ಕಣ್ಣಿನ ಆಪರೇಷನ್ ಇತ್ತು, ಮಾಡಿಸಲು ಸಾಲ ಮಾಡಿದೆ. ಕೇಳಲು ನಾಚಿಕೆಪಟ್ಟು ಎಂಟು ತಿಂಗಳು ಸುಮ್ಮನಿದ್ದೆ ನೋಡಿ, ಅದೇ ನಾನು ಮಾಡಿದ ತಪ್ಪು. ನೀವು ಕೇಳಿ. ಮೊದಲ ದಿನವೇ ಬರೆಸಿಕೊಳ್ಳಿ.

ಈಗ ಭಾಷೆಯ ವಿಷಯ. ಇದು ನನಗೆ ಎಲ್ಲಕ್ಕಿಂತ ಮುಖ್ಯ.

ಮೊದಲ ಏಳೆಂಟು ವರ್ಷ ನನ್ನ ಬಾಯಿಂದ ಬಳ್ಳಾರಿಯನ್ನು ತೆಗೆಯುವುದೇ ಕೆಲಸವಾಗಿತ್ತು. "ಐತೆ" ಅಂದರೆ ಕಟ್. "ಇದೆ ಅನ್ನಿ ಅಮ್ಮಾ." "ಹೆಂಗೆ" ಅಂದರೆ ಕಟ್. ಬಾಡಿಗೆ ಮನೆಯಲ್ಲಿ ಕನ್ನಡಿ ಮುಂದೆ ನಿಂತು "ಹೇಗೆ, ಹೇಗೆ" ಅಂತ ರೂಢಿ ಮಾಡಿಕೊಂಡೆ. ಎಷ್ಟು ಮಾಡಿಕೊಂಡೆ ಅಂದರೆ, ಒಂದು ಸಲ ಊರಿಗೆ ಬಂದಾಗ ಅವ್ವ, "ಯಾಕವ್ವಾ, ಟಿವಿಯಾಗಿನ ಆಕಿ ಮಾತಾಡಿದಂಗೆ ಮಾತಾಡ್ತೀಯಲ್ಲ" ಅಂದಳು.

ಆಮೇಲೆ 2007ರಲ್ಲಿ ಒಂದು ಪಾತ್ರ ಬಂತು. ಮನೆಗೆಲಸದವಳು, "ಉತ್ತರ ಕರ್ನಾಟಕದ ಕಡೆಯವಳು, ತಮಾಷೆಯ ಪಾತ್ರ". ತಮಾಷೆ ಯಾಕೆ ಅಂತ ಕೇಳಿದೆ. ಆ ಭಾಷೆ ಆಡಿದರೆ ಜನ ನಗುತ್ತಾರೆ ಅಂದರು. ಸೀನ್ ಪೇಪರ್ ನೋಡಿದೆ. ಪ್ರತಿ ಮಾತಿನ ಕೊನೆಗೂ "ರೀ". ಯಜಮಾನಿಗೂ ರೀ, ಮಗುವಿಗೂ ರೀ, ಬೆಕ್ಕಿಗೂ ರೀ. ಒಂದು ಮಾತಿನಲ್ಲಿ "ಐತಿ", ಮುಂದಿನದರಲ್ಲಿ "ಅದ", ಅದರ ಮುಂದೆ "ಐತೆ". ಧಾರವಾಡದ ಕಡೆ ಐತಿ, ಕಲಬುರಗಿ ಕಡೆ ಅದ, ನಮ್ಮಲ್ಲಿ ಐತೆ. ಒಬ್ಬ ಹೆಂಗಸು ಒಂದೇ ಉಸಿರಿನಲ್ಲಿ ಮೂರು ಊರಲ್ಲಿ ಹುಟ್ಟಲು ಆಗುತ್ತದಾ? ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ನಮ್ಮ ಬಾಗಿಲಲ್ಲಿ ಕೂತು "ಒಬ್ಬಾಕೆ ಇದ್ಲಂತೆ" ಅಂತ ಹೇಳುತ್ತಿದ್ದ ಅತ್ತೆಮ್ಮನ ಭಾಷೆ ಅದು. ಅದರಲ್ಲಿ ಅವರು ಗಂಡ ಸತ್ತಿದ್ದನ್ನು ಹೇಳಿದ್ದರು. ಯಾರೂ ನಕ್ಕಿರಲಿಲ್ಲ.

ಸಂಭಾಷಣೆ ಬರೆಯುತ್ತಿದ್ದವರು ಹಿರಿಯರು, ಮೈಸೂರಿನ ಕಡೆಯವರು. ಆವತ್ತು ಸೆಟ್ಟಿಗೆ ಬಂದಿದ್ದರು. ಹೋಗಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಜೇಬಿನಿಂದ ಪೆನ್ನು ತೆಗೆದು ಕೊಟ್ಟು, "ನನಗೆ ಗೊತ್ತಿಲ್ಲಮ್ಮ, ನೀವೇ ತಿದ್ದಿ" ಅಂದರು. ಗೊತ್ತಿಲ್ಲ ಅನ್ನಲು ಎಷ್ಟು ದೊಡ್ಡ ಮನಸ್ಸು ಬೇಕು! ಜನರೇಟರ್ ವ್ಯಾನಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಪೇಪರ್ ಇಟ್ಟುಕೊಂಡು ಹನ್ನೊಂದು ಮಾತು ತಿದ್ದಿದೆ. ಒಂಬತ್ತು ರೀ ತೆಗೆದೆ. ಯಜಮಾನಿಗೆ ಇದ್ದ ಎರಡು ಉಳಿಸಿದೆ. ನಾನು ಬರೆದ ಮೊದಲ ಬರಹ ಅದು.

ಅಲ್ಲಿಂದ ನನ್ನ ಮಾತು ನಾನೇ ತಿದ್ದಿಕೊಳ್ಳಲು ಶುರು ಮಾಡಿದೆ. ಪಾತ್ರಕ್ಕೆ ಜೀವ ಬಂತು ಅಂತ ಜನ ಹೇಳಿದರಂತೆ, ವಾರಕ್ಕೆ ಒಂದು ಸೀನ್ ಇದ್ದದ್ದು ನಾಲ್ಕಾಯಿತು. ಆಮೇಲೆ ಬೇರೆ ಸೀರಿಯಲ್ಲಿನವರೂ "ಅಕ್ಕಾ, ನಿಮ್ಮ ಕಡೆ ಭಾಷೆ ಸ್ವಲ್ಪ ಹಾಕಿಕೊಡಿ" ಅಂತ ಸೀನು ಕಳಿಸತೊಡಗಿದರು. ಹಾಕಿಕೊಟ್ಟೆ. ಎರಡು ವರ್ಷ ಎಲ್ಲೂ ನನ್ನ ಹೆಸರು ಬರಲಿಲ್ಲ. ಒಂದು ಸೀರಿಯಲ್ಲಿಗೆ ಆರು ತಿಂಗಳು ಪೂರ್ತಿ ಬರೆದೆ, ಟೈಟಲ್ಲಿನಲ್ಲಿ ಬೇರೆಯವರ ಹೆಸರು ಓಡುತ್ತಿತ್ತು. ಕೇಳಿದ್ದಕ್ಕೆ, ನೀವು ಆರ್ಟಿಸ್ಟ್ ಅಲ್ವಾ, ನಿಮ್ಮ ಹೆಸರು ಆರ್ಟಿಸ್ಟ್ ಸಾಲಿನಲ್ಲಿ ಇದೆಯಲ್ಲ ಅಂದರು. ಆ ಗಾಯ ಇನ್ನೂ ಮಾಗಿಲ್ಲ. ಮಾಗಿದೆ ಅಂತ ಸುಳ್ಳು ಹೇಳಲ್ಲ.

ಆ ಕೆಲಸದವಳ ಪಾತ್ರವನ್ನು 14 ತಿಂಗಳು ಮಾಡಿದೆ. ಒಂದು ದಿನ ಕಥೆಯ ಟ್ರ್ಯಾಕ್ ಬದಲಾಯಿತು. ವಾರವಾರ ಟಿಆರ್‌ಪಿ ಬರುತ್ತದೆ, ನಂಬರ್ ಬಿದ್ದರೆ ಕಥೆ ತಿರುಗುತ್ತದೆ, ಅದು ಯಾರೊಬ್ಬರ ತಪ್ಪೂ ಅಲ್ಲ. ಆ ಮನೆಯವರೆಲ್ಲ ದೊಡ್ಡ ಬಂಗಲೆಗೆ ಹೋದರು, ಹಳೆ ಮನೆಯ ಪಾತ್ರಗಳು ಬೇಡವಾದವು. ನನ್ನನ್ನು ಕರೆಯಲಿಲ್ಲ. ಕೊನೆಯ ಸೀನ್ ಅಂತ ಏನೂ ಇರಲಿಲ್ಲ. ಬಾಡಿಗೆ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದೆ. ಅತ್ತೆ ಪಾತ್ರದವರು ಕಾಫಿ ಕುಡಿಯುತ್ತಾ ಕೇಳಿದರು, ಕೆಲಸದವಳು ಎಲ್ಲಿ? ಸೊಸೆ ಹೇಳಿದಳು, "ಅವಳು ಊರಿಗೆ ಹೋದಳು ಅತ್ತೆ."

ಮುಗಿಯಿತು. ಅಷ್ಟೇ.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಲಸ ಹೋಯಿತು ಅನ್ನುವ ಚಿಂತೆ ಇತ್ತು, ಇಲ್ಲ ಅನ್ನಲ್ಲ. ಆದರೆ ತಲೆಯಲ್ಲಿ ತಿರುಗುತ್ತಿದ್ದದ್ದು ಬೇರೆ. ಯಾವ ಊರಿಗೆ ಹೋದಳು? ಯಾವ ಬಸ್ಸು ಹತ್ತಿದಳು? ಕೈಯಲ್ಲಿ ಎಷ್ಟು ದುಡ್ಡಿತ್ತು? ಬಸ್ ಸ್ಟ್ಯಾಂಡಿಗೆ ಯಾರಾದರೂ ಬಂದಿದ್ದರಾ? 14 ತಿಂಗಳು ಆ ಮನೆಯ ಪಾತ್ರೆ ತೊಳೆದಿದ್ದಾಳೆ, ಆ ಮನೆಯ ಮಗುವಿಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದಾಳೆ, ಅವಳಿಗೂ ಒಂದು ಮನೆ, ಒಂದು ಬಾಗಿಲು ಇರಬೇಕಲ್ವಾ. ಸೀನ್ ಪೇಪರಿನಲ್ಲಿ ಅವಳಿಗೆ ಹೆಸರೂ ಇರಲಿಲ್ಲ, "ಕೆಲಸದವಳು" ಅಂತಲೇ ಇತ್ತು. ಮನೆಯಲ್ಲಿ ಹಳೆಯ ಸೀನ್ ಪೇಪರಿನ ಕಟ್ಟು ಇತ್ತು, ಹಿಂಬದಿ ಖಾಲಿ. ಅದರ ಮೇಲೆ ಬರೆಯಲು ಕೂತೆ. ಮೊದಲು ಅವಳಿಗೆ ಹೆಸರಿಟ್ಟೆ, ಹುಲಿಗೆಮ್ಮ. ನಮ್ಮ ಕಡೆ ಮನೆಗೊಬ್ಬ ಹುಲಿಗೆಮ್ಮ ಇರುತ್ತಾಳೆ, ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿ ತುಂಗಭದ್ರೆಯ ದಡದಲ್ಲಿರುವ ತಾಯಿಯ ಹೆಸರು. ಕಥೆ ಕಳಿಸಿದಾಗ ಪತ್ರಿಕೆಯವರು ಫೋನ್ ಮಾಡಿ, ಇದು ಅಡ್ಡಹೆಸರಾ ಅಂತ ಕೇಳಿದರು. ಅಲ್ಲ, ಹೆಸರೇ ಅಂದೆ. ಹಾಗೇ ಅಚ್ಚಾಯಿತು.

ಕಥೆ ಸುಮ್ನೆ ಬಂದುಬಿಡಲಿಲ್ಲ. ಮೊದಲ ಸಲ ಬರೆದಾಗ ಪೂರ್ತಿ ಸೀರಿಯಲ್ ಆಗಿತ್ತು. ಬಸ್ಸಿಳಿದ ತಕ್ಷಣ ಹುಲಿಗೆಮ್ಮ ತನ್ನ ಕಷ್ಟವನ್ನೆಲ್ಲ ಕಂಡಕ್ಟರಿಗೆ ಹೇಳಿಬಿಡುತ್ತಿದ್ದಳು. ಯಾಕೆ ಹಾಗಾಗುತ್ತದೆ ಅಂತ ಹೇಳುತ್ತೇನೆ ಕೇಳಿ. ಸೀರಿಯಲ್ ಬರೆಯುವಾಗ ನಮಗೆ ಹೇಳುವ ಮೊದಲ ಪಾಠ, ನೋಡುವವರು ಅಡುಗೆಮನೆಯಲ್ಲಿ ಇರುತ್ತಾರೆ, ಟಿವಿ ಹಾಲಿನಲ್ಲಿರುತ್ತದೆ. ಅವರು ಸಾರಿಗೆ ಒಗ್ಗರಣೆ ಹಾಕುತ್ತಾ ಕಿವಿಯಲ್ಲಿ ನೋಡುತ್ತಾರೆ. ಹಾಗಾಗಿ ಎಲ್ಲವನ್ನೂ ಬಾಯಲ್ಲಿ ಹೇಳಿಸಬೇಕು. "ನೀನು ಯಾಕೆ ಹೀಗೆ ಕಿಟಕಿ ಹತ್ತಿರ ನಿಂತು ಅಳುತ್ತಿದ್ದೀಯಾ?" ಅಂತ ಬರೆಯುತ್ತೇವೆ, ಅಳುತ್ತಿರುವುದು ಕಾಣುತ್ತಿದ್ದರೂ. ನಾನು ಅದನ್ನು ಕೀಳು ಅನ್ನಲ್ಲ. ಕೆಲಸ ಮಾಡುತ್ತಾ ಕಥೆ ಕೇಳುವ ಹೆಂಗಸಿಗಾಗಿ ಬರೆಯುವುದು ಅದು, ನಮ್ಮ ಅವ್ವನ ಬಾಗಿಲಲ್ಲೂ ಕಥೆ ನಡೆಯುತ್ತಿದ್ದದ್ದು ಹಾಗೇ. ಆದರೆ ಓದುವವಳು ಬೇರೆ. ಅವಳು ಕೈಕೆಲಸ ಬಿಟ್ಟು ಕೂತಿದ್ದಾಳೆ. ಅವಳ ಎರಡೂ ಕಣ್ಣು ನಿಮ್ಮ ಮೇಲಿದೆ. ಅವಳಿಗೆ ಎಲ್ಲ ಹೇಳಿದರೆ ಅವಳ ಕೈಗೆ ಏನು ಉಳಿಯಿತು?

ಒಂಬತ್ತು ಸಲ ಬರೆದೆ. ಕೊನೆಗೆ ಹುಲಿಗೆಮ್ಮ ಕಂಡಕ್ಟರಿಗೆ ಒಂದೇ ಮಾತು ಕೇಳುತ್ತಾಳೆ, ಚಿಲ್ಲರೆ ಐತಾ ಅಂತ.

ಪ್ರಾಂಪ್ಟಿಂಗಿನಿಂದ ಕಲಿತಿದ್ದು ಮಾತ್ರ ಕೈ ಬಿಡಲಿಲ್ಲ. ಬರೆದ ಪ್ರತಿ ಮಾತನ್ನೂ ಜೋರಾಗಿ ಹೇಳಿ ನೋಡುತ್ತೇನೆ. ಉಸಿರು ಸಿಕ್ಕಿಕೊಂಡರೆ ಮಾತು ಸರಿಯಿಲ್ಲ. ಪಕ್ಕದ ಮನೆಯವರು ಮೊದಲು ಗಾಬರಿಯಾಗಿದ್ದರು, ಈಗ ಅಭ್ಯಾಸವಾಗಿದೆ. ಇಲ್ಲಿ ಬರೆಯುವ ಹುಡುಗಿಯರಿದ್ದರೆ ಇದೊಂದು ಮಾಡಿ ನೋಡಿ, ಖರ್ಚಿಲ್ಲ.

ಆಮೇಲೆ ಬೇರೆ ಬೇರೆ ಪಾತ್ರಗಳ ಹಿಂದೆ ಹೋದೆ. ನಾನು ಮಾಡಿದವು, ಗೆಳತಿಯರು ಮಾಡಿದವು. ಊರಿಗೆ ಹೋದವಳು, ಅಮೆರಿಕಾಗೆ ಹೋದ ಅತ್ತಿಗೆ, ತೀರ್ಥಯಾತ್ರೆಗೆ ಹೋಗಿ ವಾಪಸ್ ಬರದ ಸೋದರತ್ತೆ. ನಮ್ಮಲ್ಲಿ ಪೋಷಕ ಪಾತ್ರಗಳು ಹೀಗೇ ಮಾಯವಾಗುತ್ತವೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬರಿಗೆ ಕಾಲು ಮುರಿದು ಎರಡು ತಿಂಗಳು ಬರಲಾಗಲಿಲ್ಲ, ಪಾತ್ರವನ್ನೇ ಸಾಯಿಸಿ ಫೋಟೋಗೆ ಹಾರ ಹಾಕಿದರು. ಅವರು ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿ ಕೂತು ತಮ್ಮ ಫೋಟೋಗೆ ಊದಿನಕಡ್ಡಿ ಬೆಳಗುವುದನ್ನು ನೋಡಿದರು. ಅವರ ಮಗ ಚಿಕ್ಕವನು, ಹೆದರಿ ಅತ್ತನಂತೆ. ಅದನ್ನು ಕಥೆ ಮಾಡಲು ಅವರ ಒಪ್ಪಿಗೆ ಕೇಳಿದೆ. "ಬರೆ, ಆದರೆ ನನ್ನ ಕಾಲು ವಾಸಿಯಾಗಿದ್ದನ್ನೂ ಬರೆ" ಅಂದರು. ಬರೆದೆ.

2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಿತು. ದಿನಗೂಲಿ ನಮ್ಮದು, ಶೂಟಿಂಗ್ ಇಲ್ಲ ಅಂದರೆ ದುಡ್ಡಿಲ್ಲ. ಬಳ್ಳಾರಿಗೆ ಬಂದೆ. ಆ ಬೇಸಿಗೆ ನಿಮಗೆ ನೆನಪಿರಬೇಕು, ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ರಾಯಲ್ ಸರ್ಕಲ್ಲಿನಲ್ಲಿ ಒಂದು ಸೈಕಲ್ ಇಲ್ಲ. ಟಿವಿಯಲ್ಲಿ ಹೊಸ ಕಂತುಗಳಿಲ್ಲದೆ ಹಳೆಯದನ್ನೇ ಹಾಕುತ್ತಿದ್ದರು. ಕನ್ನಡಕ್ಕೆ ಡಬ್ ಆದ ಹಿಂದಿ ಸೀರಿಯಲ್ಲುಗಳೂ ಆಗಲೇ ಬಂದವು. ನಮ್ಮವರಿಗೆ ತುಂಬ ಹೆದರಿಕೆಯಾಯಿತು, ನನಗೂ ಆಯಿತು. ಬೇರೆ ಭಾಷೆಯ ಮುಖಕ್ಕೆ ಕನ್ನಡದ ದನಿ ಸಾಕು ಅಂದರೆ ಆ ಹದಿನೈದು ಜನ ಏನು ಮಾಡಬೇಕು? ಶೂಟಿಂಗ್ ಮತ್ತೆ ಶುರುವಾಯಿತು, ಆದರೆ ಕಡಿಮೆ ಜನರಿಟ್ಟುಕೊಂಡು. ನನಗೆ ಕರೆ ಬರಲಿಲ್ಲ. ಅವ್ವನ ಮನೆಯಲ್ಲೇ ಉಳಿದೆ. ಅಲ್ಲಿಯವರೆಗೆ ಬರೆದಿದ್ದ 13 ಕಥೆಗಳನ್ನು ತಿದ್ದಿ ಸಂಕಲನ ಮಾಡಿದೆ. 500 ಪ್ರತಿ ಅಚ್ಚಾಯಿತು. ಅದರಿಂದ ಬಂದ ದುಡ್ಡು ಸೀರಿಯಲ್ಲಿನ ನಾಲ್ಕು ದಿನದ ಸಂಬಳಕ್ಕೆ ಸಮ. ಈಗಲೂ ಮನೆ ನಡೆಯುವುದು ಸೀರಿಯಲ್ಲಿಗೆ ಸಂಭಾಷಣೆ ಬರೆದೇ, ಇಲ್ಲಿಂದಲೇ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಹೆಸರು ಬರುತ್ತದೆ. ಮೊದಲೇ ಬರೆಸಿಕೊಂಡಿದ್ದೇನೆ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು, ಮೇಡಂ, ನಾಯಕಿ ಆಗಲಿಲ್ಲ ಅಂತ ಬೇಜಾರು ಇಲ್ವಾ. ಆಗ ಇತ್ತು ಅಂದೆ. 26, 27ರ ಹೊತ್ತಿಗೆ ಬಹಳ ಇತ್ತು. ಈಗ ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ನಮ್ಮ ಬಾಗಿಲಲ್ಲಿ ಕೂತಿದ್ದ ಹೆಂಗಸರಲ್ಲಿ ಈಗ ಉಳಿದಿರುವವರು ಇಬ್ಬರೇ. ಉಳಿದವರ ಮಾತನ್ನು ನಾನು ಬರೆದುಕೊಳ್ಳಲಿಲ್ಲ. ನೆನಪಿನಲ್ಲಿದ್ದಷ್ಟೇ ನನ್ನ ಹತ್ತಿರ ಇರುವುದು.

ಇನ್ನೊಬ್ಬರು ಹಿಂದಿನ ಸಾಲಿನಿಂದ, "ನಿಮ್ಮವ್ವಗೆ ಓದಿ ಹೇಳಿದ್ರಾ?" ಅಂತ ಕೇಳಿದರು. ಆವತ್ತು ಹೊತ್ತಾಗಿತ್ತು, ಹೂಂ ಅಂತಷ್ಟೇ ಅಂದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಅವ್ವನಿಗೆ ಓದಲು ಬರಲ್ಲ. ಪುಸ್ತಕ ಬಂದ ದಿನ ಹುಲಿಗೆಮ್ಮನ ಕಥೆ ಓದಿ ಹೇಳಿದೆ. ಬಸ್ಸಿಳಿದು ಊರು ಸೇರಿದ ಹುಲಿಗೆಮ್ಮ ಕೊನೆಗೆ ದಾರ ಕತ್ತರಿಸುವ ಕೆಲಸಕ್ಕೆ ಕೂರುತ್ತಾಳೆ. ಆ ಕೊನೆಯ ಭಾಗ ನನಗೆ ಬಹಳ ಇಷ್ಟ. ಸಂಜೆ, ತೆರೆದ ಬಾಗಿಲು, ಬಾಗಿಲಿಗೆ ಬೆನ್ನು ಮಾಡಿ ಕೂತ ಹೆಂಗಸು, ಹಿಂದಿನಿಂದ ಬೆಳಕು ಬಿದ್ದು ಕೂದಲ ಅಂಚೆಲ್ಲ ಹೊಳೆಯುತ್ತಿದೆ, ಮುಖ ಕತ್ತಲಲ್ಲಿದೆ. ಓದಿ ಮುಗಿಸಿ ಅವ್ವನನ್ನು ನೋಡಿದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಬೆಳಕಿಗೆ ಬೆನ್ನು ಹಾಕ್ಕಂಡು ಯಾರವ್ವಾ ದಾರ ಕತ್ರಿಸ್ತಾರೆ? ನೀಲಿ ಬಟ್ಟೆ ಮ್ಯಾಲೆ ನೀಲಿ ದಾರ, ಕಾಣಬ್ಯಾಡ?"

ನಾನು ಏನೂ ಹೇಳಲಿಲ್ಲ. ಹೇಳಲು ಏನಿತ್ತು? ದಿನಾ ಅವರೆಲ್ಲ ಬಾಗಿಲಲ್ಲಿ ಕೂರುತ್ತಿದ್ದದ್ದು ಗಾಳಿಗೆ ಅಂತ ನಾನು ತಿಳಿದುಕೊಂಡಿದ್ದೆ. ಬೆಳಕು ತಮ್ಮ ಮಡಿಲಿಗೆ ಬೀಳಲಿ ಅಂತ ಕೂರುತ್ತಿದ್ದರು. 20 ವರ್ಷ ಕ್ಯಾಮೆರಾದ ಮುಂದೆ ನಿಂತವಳು ನಾನು, ಹುಲಿಗೆಮ್ಮನಿಗೆ ಚೆನ್ನಾಗಿ ಕಾಣಲಿ ಅಂತ ಬ್ಯಾಕ್ ಲೈಟ್ ಕೊಟ್ಟಿದ್ದೆ. ಪಾಪ, ಅವಳಿಗೆ ಕೆಲಸ ಕಾಣುತ್ತಿರಲಿಲ್ಲ.

ಈಗ ಎರಡನೇ ಮುದ್ರಣಕ್ಕೆ ಕೊಡಬೇಕು. ಆ ಕೊನೆಯ ಪುಟ ತಿದ್ದಿದ್ದೇನೆ. ಹುಲಿಗೆಮ್ಮನನ್ನು ಬಾಗಿಲ ಕಡೆ ತಿರುಗಿಸಿ ಕೂರಿಸಿದ್ದೇನೆ.